ಬರಿಹೊಟ್ಟೆಯ ಬೆಕ್ಕು

ತಮ್ಮ ರುದ್ರೇಶ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹಳೆಯ ಗೋಣಿಚೀಲಗಳನ್ನು ಆರಿಸುತ್ತಿರುವುದನ್ನು ಪ್ರೇಮಕುಮಾರಿ ಮಹಡಿಯ ಕಿಟಕಿಯಿಂದ ನೋಡುತ್ತಿದ್ದಳು. ಅವನು ಒಂದೊಂದನ್ನೂ ಎತ್ತಿ, ಒದರಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ. ತೂತಿರುವವು ಎಡಕ್ಕೆ, ಇಲ್ಲದವು ಬಲಕ್ಕೆ. ಕಾಫಿ ತುಂಬುವುದಕ್ಕಾದರೆ ತೂತಿನ ಚೀಲವನ್ನು ಅವನು ಮುಟ್ಟುತ್ತಿರಲಿಲ್ಲ. ಇವತ್ತು ತೂತಿನವನ್ನೇ ಬೇರೆ ಮಾಡಿ ಜೋಡಿಸಿಡುತ್ತಿದ್ದಾನೆ ಎನ್ನುವುದು ಅವಳಿಗೆ ತಡವಾಗಿ ಹೊಳೆಯಿತು. ಒಳಗೆ ಕಟ್ಟುವ ಬೆಕ್ಕುಗಳಿಗೆ ಗಾಳಿ ಆಡಬೇಕಲ್ಲ. ಒಂದು ಚೀಲದ ತೂತು ಚಿಕ್ಕದಾಯಿತೆಂದೋ ಏನೋ, ಅದರೊಳಕ್ಕೆ ಎರಡು ಬೆರಳು ತೂರಿಸಿ ಸ್ವಲ್ಪ ಹಿಗ್ಗಿಸಿದ. ಕಾಡಿನಲ್ಲಿ ಬಿಟ್ಟುಬರಲು ಕೊಡುವ ಚೀಲದ ಮೇಲೆ ಅವನಿಗೆ ಇಷ್ಟು ಕಾಳಜಿ ಇರುವುದನ್ನು ಕಂಡು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೈಯಲ್ಲಿದ್ದ ಕಾಫಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಅವಳು ಅದನ್ನು ಬೆರಳಿನಿಂದ ತೆಗೆದಳು. ಮೂರು ದಿನದ ಹಿಂದಾಗಿದ್ದರೆ ಆ ಕೆನೆಯನ್ನು ಹಿತ್ತಿಲ ಮೆಟ್ಟಿಲ ಮೇಲೆ ಯಾರಿಗಾದರೂ ನೆಕ್ಕಿಸುತ್ತಿದ್ದಳು. ಈಗ ಸೀರೆಯ ಅಂಚಿಗೆ ಒರೆಸಿಕೊಂಡಳು.

ಸಾಯಂಕಾಲ ನಾಲ್ಕಕ್ಕೆ ಬೀದಿಯವರೆಲ್ಲ ಪ್ರಸನ್ನಕುಮಾರನ ಕಾಫಿ ಗೋದಾಮಿನಲ್ಲಿ ಸೇರಬೇಕು. ತೀರ್ಮಾನ ಆಗಲೇ ಆಗಿಹೋದಂತಿತ್ತು. ಈ ಬೀದಿಯ ಬೆಕ್ಕುಗಳು ಹುಟ್ಟುವುದೂ ಬೆಳೆಯುವುದೂ ಆ ಗೋದಾಮಿನ ಚೀಲಗಳ ನಡುವೆಯೇ. ಇಲಿ ಹಿಡಿಯಲು ನಾಲ್ಕೈದು ಬೆಕ್ಕು ಅವನಿಗೂ ಬೇಕು. ಆದರೆ ಅವು ಹದಿನಾಲ್ಕಾದಾಗ, ಹಣ್ಣಿನ ಸಿಪ್ಪೆ ತೆಗೆದು ತೊಳೆದು ಕಣದಲ್ಲಿ ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ಮೆತ್ತನೆಯ ಮಣ್ಣೆಂದುಕೊಂಡು ಕೆದಕಿ ಹೇತು ಮುಚ್ಚಲು ತೊಡಗಿದಾಗ, ಕೊಳ್ಳುವವರು ಹಿಡಿಯಷ್ಟು ಕಾಳನ್ನು ಮೂಗಿನ ಹತ್ತಿರ ಒಯ್ದು ಮುಖ ಸಿಂಡರಿಸಿದಾಗ, ಅವನಿಗೆ ತಲೆ ಕೆಟ್ಟಿತು. ಮೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆಗ ಆರು ಬೆಕ್ಕುಗಳನ್ನು ರುದ್ರೇಶನ ಅಂಗಡಿಯ ಚೀಲಗಳಲ್ಲಿ ಕಟ್ಟಿ ಜೀಪಿನಲ್ಲಿ ಬಣಕಲ್ ದಾಟಿಸಿ ಬಿಟ್ಟುಬಂದಿದ್ದರು. ಹನ್ನೆರಡು ದಿನ ಕಳೆದ ಮೇಲೆ ಅವುಗಳಲ್ಲಿ ಒಂದು, ಬೂದು ಬಣ್ಣದ ಹೆಣ್ಣು, ಪಾದಗಳೆಲ್ಲ ಸುಲಿದುಕೊಂಡು ಕುಂಟುತ್ತ ಬಂದು ಗೋದಾಮಿನ ತಕ್ಕಡಿಯ ಮೇಲೆ ಮಲಗಿತು. ಪ್ರಸನ್ನಕುಮಾರ ಬೈಯಲಿಲ್ಲವಂತೆ. ಅದರ ಕಾಲಿಗೆ ತಾನೇ ಅರಿಸಿನ ಹಚ್ಚಿದನಂತೆ. ಅಂದಿನಿಂದ ಅದು ಕಣದ ಅಂಚಿನಲ್ಲಿ ಬಾಲ ಎತ್ತಿಕೊಂಡು ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹೋಗುತ್ತಿತ್ತು. ಆಳುಗಳೆಲ್ಲ ಅದನ್ನು ಮೇಸ್ತ್ರಿ ಎಂದು ಕರೆದರು. ಮೇಸ್ತ್ರಿ ಬಂತು, ಕೆಲಸ ಮಾಡ್ರೋ ಎನ್ನುತ್ತಿದ್ದರು. ಮೇಸ್ತ್ರಿ ಒಂದು ದಿನವೂ ಕಾಫಿಯ ಮೇಲೆ ಕಾಲಿಡಲಿಲ್ಲವೆಂದು ಪ್ರಸನ್ನಕುಮಾರ ಬಂದವರಿಗೆಲ್ಲ ಹೇಳುತ್ತಿದ್ದ. ಅದು ನಿಜವಿರಲಾರದು.

ಮೇಸ್ತ್ರಿಯನ್ನು ನಾನು ಕೊಂದೆ. ಈ ವಾಕ್ಯವನ್ನು ಪ್ರೇಮಕುಮಾರಿ ಮೂರು ದಿನದಿಂದ ಮನಸ್ಸಿನಲ್ಲೇ ಕಟ್ಟಿ ಬಿಚ್ಚಿ ನೋಡುತ್ತಿದ್ದಳು. ಕೊಂದೆ ಎನ್ನುವುದು ಹೆಚ್ಚಾಯಿತು ಎನಿಸುತ್ತಿತ್ತು. ಸಾಯಲು ಕಾರಣಳಾದೆ ಎಂದರೆ ಕಮ್ಮಿಯಾಗುತ್ತಿತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಕಪ್ಪು ಹಲಗೆಯ ಮೇಲೆ ಗಂಟಲಿನ ಚಿತ್ರ ಬರೆದು, ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ, ನಡುವೆ ಎಲೆಯ ಆಕಾರದ ಪುಟ್ಟ ಮುಚ್ಚಳ ಎಂದು ಎಷ್ಟು ಸಲ ತೋರಿಸಿಲ್ಲ. ಆ ಮುಚ್ಚಳಕ್ಕೆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂದು ಕೇಳಿ, ಕೈ ಎತ್ತಿದ ಹುಡುಗಿಯರಲ್ಲಿ ಒಬ್ಬಳನ್ನು ಎಬ್ಬಿಸುತ್ತಿದ್ದಳು. ಹಾಗೆ ಎದ್ದು ನಿಂತು ಸರಿಯಾಗಿ ಉತ್ತರ ಹೇಳುತ್ತಿದ್ದವಳು ಗ್ಯಾರೇಜಿನ ಮಹಮ್ಮದನ ಮಗಳು ಯಾಸ್ಮಿನ್. ಅವಳೇ ಈಗ ಪಶುವೈದ್ಯೆಯಾಗಿ ಊರಿಗೆ ಬಂದು ಪುಟ್ಟದೊಂದು ಕ್ಲಿನಿಕ್ ಇಟ್ಟವಳು. ಬೆಕ್ಕುಗಳನ್ನು ಕಾಡಿಗೆ ಬಿಡುವುದು ಬೇಡ ಮಿಸ್, ಆಪರೇಶನ್ ಮಾಡಿ ಗುರುತಿಗೆ ಎಡಕಿವಿಯ ತುದಿ ಕತ್ತರಿಸಿ ಇದ್ದಲ್ಲಿಗೇ ಬಿಟ್ಟರೆ ಸಂತತಿ ಹೆಚ್ಚುವುದಿಲ್ಲ, ಇಲಿಯೂ ಹತೋಟಿಯಲ್ಲಿರುತ್ತದೆ, ಬೀದಿಯವರಿಗೆ ನೀವು ಹೇಳಿದರೆ ಕೇಳುತ್ತಾರೆ ಎಂದು ಜನವರಿಯಲ್ಲಿ ಬಂದು ಕೇಳಿದ್ದಳು. ಪ್ರೇಮಕುಮಾರಿ ಹೇಳಿದಳು. ಕೇಳಿದರು. ಆಪರೇಶನ್ನಿನ ಹಿಂದಿನ ರಾತ್ರಿ ಎಂಟರ ನಂತರ ಬೆಕ್ಕಿಗೆ ಏನನ್ನೂ ಕೊಡಬಾರದು ಎಂಬ ಚೀಟಿಯನ್ನು ತಾನೇ ದುಂಡಗಿನ ಅಕ್ಷರದಲ್ಲಿ ಬರೆದು ಮನೆ ಮನೆಗೆ ಹಂಚಿದಳು.

ಮಹಮ್ಮದ್ ಮಾಡಿಕೊಟ್ಟ ಸರಳಿನ ಪಂಜರದಲ್ಲಿ ಮೇಸ್ತ್ರಿ ಶನಿವಾರ ಸಂಜೆ ಸಿಕ್ಕಿತು. ಗೋದಾಮಿನಲ್ಲಿ ಗಲಾಟೆ, ನಿಮ್ಮ ಮನೆಯಲ್ಲಿರಲಿ ಎಂದು ಆಳುಗಳು ತಂದಿಟ್ಟರು. ಬೆಳಿಗ್ಗೆ ಆರೂವರೆಗೆ ಅವಳು ಎದ್ದು ಹೋದಾಗ ಅದು ಪಂಜರದ ಸರಳಿನ ನಡುವೆ ಮೂಗು ತೂರಿಸಿ ನೋಡಿತು. ಕೂಗಲಿಲ್ಲ. ಕೂಗಿದ್ದರೆ ಗದರಿಸಿ ಸುಮ್ಮನಿರುತ್ತಿದ್ದಳೇನೋ. ಅವರ ಮನೆಯಲ್ಲಿ ಯಾರೂ ಬರಿಹೊಟ್ಟೆಯಲ್ಲಿ ಹೊಸಿಲು ದಾಟಿ ಪ್ರಯಾಣ ಹೊರಟದ್ದಿಲ್ಲ. ಪರೀಕ್ಷೆಗೆ, ಕೋರ್ಟಿಗೆ, ಆಸ್ಪತ್ರೆಗೆ, ಯಾವುದಕ್ಕೇ ಹೊರಟರೂ ಅವ್ವ ಬಾಗಿಲಲ್ಲಿ ಅಡ್ಡ ನಿಂತು ಬಾಯಿಗೆ ಒಂದು ತುತ್ತು ಮೊಸರನ್ನ ಇಡುತ್ತಿದ್ದಳು. ಮೈಸೂರಿಗೆ ಬಿ.ಎಸ್ಸಿ. ಪರೀಕ್ಷೆಗೆ ಹೊರಟಾಗ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಬಿಟ್ಟಿರಲಿಲ್ಲ. ಅಪ್ಪನನ್ನು ಕೊನೆಯ ಸಲ ಆಂಬುಲೆನ್ಸಿಗೆ ಎತ್ತುವಾಗಲೂ ಅವನ ತುಟಿಗೆ ಒಂದಗುಳು ಸವರಿದ್ದಳು. ಚೀಟಿಯ ನೆನಪು ತನಗಿತ್ತೇ ಇಲ್ಲವೇ ಎಂದು ಪ್ರೇಮಕುಮಾರಿ ಈಗ ಕೇಳಿಕೊಂಡರೆ, ಇತ್ತು. ಚೆನ್ನಾಗಿಯೇ ಇತ್ತು. ಒಂದು ತುತ್ತಿಗೆ ಏನಾಗುತ್ತದೆ ಎಂದುಕೊಂಡಿದ್ದಳು. ರಾತ್ರಿಯ ಒಗ್ಗರಣೆಯ ಮೊಸರನ್ನ ಬೋಗುಣಿಯಲ್ಲಿತ್ತು. ಬೆರಳ ತುದಿಯಲ್ಲಿ ಒಂದು ತುತ್ತು. ಅದು ನೆಕ್ಕಿದ ರೀತಿ ನೋಡಿ ಇನ್ನೊಂದು. ಆಮೇಲೆ ಎಷ್ಟೆಂದು ನೆನಪಿಲ್ಲ.

ಆ ಭಾನುವಾರ ಆಪರೇಶನ್ ಶಿಬಿರ ನಡೆದ ಛತ್ರದ ಊಟದ ಹಜಾರದಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಯಾಸ್ಮಿನ್ ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು. ಪ್ರೇಮಕುಮಾರಿಗಿಂತ ಮುಂದೆ ನಿಂತಿದ್ದವಳು ಬೀದಿಯ ಟೈಲರ್ ಗಿರಿಜಾಂಬಾ. ಬುಟ್ಟಿಯಲ್ಲಿ ಅವಳ ಕಪ್ಪು ಬಿಳುಪಿನ ಬೆಕ್ಕು.

"ಏನಾದ್ರೂ ಕೊಟ್ರಾ ಬೆಳಿಗ್ಗೆ?"

"ಒಂದ್ ಚೂರು ಹಾಲು, ಅಷ್ಟೇ ಡಾಕ್ಟ್ರೇ. ಅಳ್ತಿತ್ತು, ಕರುಳು ಕೇಳ್ಲಿಲ್ಲ."

ಸುತ್ತ ನಿಂತವರು ನಕ್ಕರು. ಆಗ ಪ್ರೇಮಕುಮಾರಿಯೇ ಮುಂದೆ ಬಂದು, "ಅಲ್ಲಮ್ಮ ಗಿರಿಜಾ, ನಾನೇ ಮನೆಗೆ ಬಂದು ಚೀಟಿ ಕೊಟ್ಟು ಹೋದ್ನಲ್ಲ. ಅಷ್ಟೂ ಓದೋಕಾಗಲ್ವಾ?" ಎಂದು ತರಗತಿಯ ದನಿಯಲ್ಲಿ ಗದರಿದಳು. ಗಿರಿಜಾಂಬಾ ಬುಟ್ಟಿಯ ಮುಚ್ಚಳವನ್ನು ನೋಡುತ್ತ ನಿಂತಳು. ಅವಳು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ಎಂಬುದು ಆ ಮಾತು ಬಾಯಿಂದ ಹೊರಟ ಮೇಲೆ ನೆನಪಾಯಿತು. ಯಾಸ್ಮಿನ್ ಬೆಕ್ಕನ್ನು ಇನ್ನೊಂದು ದಿನಕ್ಕೆ ಬರೆದುಕೊಂಡು ಕಳಿಸಿದಳು. ಆಮೇಲೆ ತಲೆ ಎತ್ತಿ, "ಮಿಸ್, ನೀವಂತೂ ಏನೂ ಕೊಟ್ಟಿಲ್ಲ ಅಲ್ವಾ?" ಎಂದಳು. ಬರೀ ಮರ್ಯಾದೆಗೆ ಕೇಳಿದ ಪ್ರಶ್ನೆ. "ಇಲ್ಲಮ್ಮ" ಎನ್ನಲು ಎಷ್ಟು ಹೊತ್ತು ಬೇಕು. ಹನ್ನೊಂದು ಗಂಟೆಗೆ ಯಾಸ್ಮಿನ್ ಪರದೆ ಸರಿಸಿ ಹೊರಗೆ ಬಂದು, ಕೈಗವಸು ಬಿಚ್ಚದೆ, ಮೇಸ್ತ್ರಿ ಉಳಿಯಲಿಲ್ಲ ಎಂದಳು. ಉಳಿದ ನಾಲ್ಕು ಬೆಕ್ಕುಗಳು ಸಂಜೆಯ ಹೊತ್ತಿಗೆ ಕಿವಿಯ ತುದಿ ಕಳೆದುಕೊಂಡು, ಕುಡಿದವರಂತೆ ತೂರಾಡುತ್ತ, ಬೀದಿಗೆ ಮರಳಿದವು.

ಈಗ ಪ್ರೇಮಕುಮಾರಿ ಮಹಡಿಯಿಂದ ಕೆಳಗೆ ಇಳಿದು ಬಂದಾಗ ರುದ್ರೇಶ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ.

"ಎಲ್ಲಿಗೆ ಹೊರಟೆ ಅಕ್ಕ, ಈ ಬಿಸಿಲಲ್ಲಿ?"

"ಯಾಸ್ಮಿನ್ ಹತ್ರ ಹೋಗ್ಬರ್ತೀನಿ."

"ಎಂತಕ್ಕೆ? ಪಾಪ, ಅವಳಿಗೂ ಮುಖ ತೋರ್ಸಕ್ಕಾಗ್ತಿಲ್ಲ. ನೀನು ಹೋಗಿ ಸಮಾಧಾನ ಹೇಳಿದ್ರೆ ಇನ್ನೂ ಅಳು ಬರ್ತದೆ." ಅವನು ಚೀಲಗಳ ಕಡೆ ನೋಡದೆ ಹೇಳಿದ. "ಪ್ರಸನ್ನ ಕೇಳ್ದ, ಇಲ್ಲ ಅನ್ನಕ್ಕಾಗ್ಲಿಲ್ಲ. ಒಳ್ಳೇ ಚೀಲಾನೇ ಕೊಡ್ತಿದೀನಿ, ಉಸಿರುಗಟ್ಟಲ್ಲ."

"ನೋಡ್ದೆ" ಎಂದಳು. ಅವನಿಗೆ ಹೇಳಿಬಿಡಬಹುದಿತ್ತು. ಅವನು ಆಯ್ತು ಬಿಡು, ಯಾರಿಗೂ ಹೇಳಬೇಡ ಎನ್ನುತ್ತಿದ್ದ. ಅಷ್ಟು ಸುಲಭವಾಗಿ ಕ್ಷಮೆ ಸಿಗುವ ಜಾಗದಲ್ಲಿ ಹೇಳಿ ಮುಗಿಸುವುದು ಹೇಳದೆ ಇರುವುದಕ್ಕಿಂತ ಕೀಳೆಂದು ತೋರಿತು. ಅಥವಾ ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು.

ಕ್ಲಿನಿಕ್ಕು ಗ್ಯಾರೇಜಿನ ಪಕ್ಕದಲ್ಲೇ ಇತ್ತು. ಮಹಮ್ಮದ್ ಎತ್ತಿದ ಬಾನೆಟ್ಟಿನ ಕೆಳಗಿನಿಂದ ಅವಳನ್ನು ನೋಡಿ, ಕೈ ಒರೆಸಿಕೊಳ್ಳುತ್ತ ಬಂದು, ಸ್ಟೂಲಿನ ಮೇಲೆ ತನ್ನ ಟವೆಲ್ ಹಾಸಿದ. "ಕೂತ್ಕೊಳ್ಳಿ ಟೀಚರಮ್ಮ. ಎಣ್ಣೆ ಇದೆ, ಸೀರೆ ಹಾಳಾಗ್ತದೆ." ಆಮೇಲೆ ದನಿ ತಗ್ಗಿಸಿದ. "ಮೂರು ದಿನ ಆಯ್ತು, ಸರಿಯಾಗಿ ಊಟ ಮಾಡಿಲ್ಲ ಮಗಳು. ಡೋಸ್ ಹೆಚ್ಚಾಯ್ತೇನಮ್ಮ ಅಂತ ನಾನೇ ಬಾಯಿ ತಪ್ಪಿ ಕೇಳ್ಬಿಟ್ಟೆ. ನನ್ನ ಜೊತೆ ಮಾತು ಬಿಟ್ಟಿದಾಳೆ. ಗೋಣಿಬೀಡಿನ ಎಸ್ಟೇಟ್‌ನವರು ನಾಯಿ ಆಪರೇಶನ್ ಇದೆ ಅಂದಿದ್ರು. ನಿನ್ನೆ ಫೋನ್ ಮಾಡಿ, ಸದ್ಯಕ್ಕೆ ಬೇಡ, ಹಾಸನಕ್ಕೇ ಕರ್ಕೊಂಡು ಹೋಗ್ತೀವಿ ಅಂದ್ರು. ನೀವಾದ್ರೂ ಒಂದ್ ಮಾತು ಹೇಳಿ. ನಿಮ್ಮ ಮಾತು ಕೇಳ್ತಾಳೆ." ತಂದೆಗೇ ಅನುಮಾನ ಬರುವಷ್ಟು ದೂರ ತನ್ನ ಒಂದು ತುತ್ತು ಹೋಗಿದೆ. ಪ್ರೇಮಕುಮಾರಿ ಟವೆಲಿನ ಅಂಚಿನ ನೂಲನ್ನು ಎಳೆಯುತ್ತ ಕುಳಿತಳು. ಎಳೆದ ನೂಲು ಕಿತ್ತು ಬಂತು. ಅದನ್ನು ಎಲ್ಲಿ ಹಾಕಬೇಕೋ ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಗೆ ಹೋದಳು.

ಯಾಸ್ಮಿನ್ ಎದ್ದು ನಿಂತಳು. ಅವಳು ಈಗಲೂ ಎದ್ದು ನಿಲ್ಲುತ್ತಾಳೆ. ಮುಖ ಸಣ್ಣಗಾಗಿತ್ತು. ಬಿಪಿ ಮಾತ್ರೆ ಸರಿಯಾಗಿ ತಗೋತಿದೀರಾ, ಮಿಸ್ ಎಂದು ಕೇಳಿ ನೀರು ಕೊಟ್ಟಳು. ಮೇಜಿನ ಮೇಲೆ ಮುಂದಿನ ಶಿಬಿರದ ಚೀಟಿಗಳು ಹೊಸದಾಗಿ ಅಚ್ಚಾಗಿ ಬಂದಿದ್ದವು. ನಡೆಯುತ್ತದೋ ಇಲ್ಲವೋ ತಿಳಿಯದ ಶಿಬಿರ. ಪ್ರೇಮಕುಮಾರಿ ಕನ್ನಡಕ ಹಾಕಿಕೊಂಡು ಒಂದನ್ನು ಓದಿದಳು. ತಾನು ಕೈಯಲ್ಲಿ ಬರೆದಿದ್ದ ಸಾಲೇ ಮೊದಲಿತ್ತು. ಅದರ ಕೆಳಗೆ ಹೊಸ ಸಾಲು: ಅಕಸ್ಮಾತ್ ಏನಾದರೂ ಕೊಟ್ಟಿದ್ದರೆ ದಯವಿಟ್ಟು ಹೇಳಿ. ಯಾರೂ ಬೈಯುವುದಿಲ್ಲ. ಇನ್ನೊಂದು ದಿನ ಮಾಡೋಣ.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಫ್ಯಾನು ತಿರುಗುತ್ತಿತ್ತು. ಯಾರೂ ಬೈಯುವುದಿಲ್ಲ.

"ಅದರ ಬಾಯಲ್ಲಿ ಏನಾದ್ರೂ ಇತ್ತಾ, ಯಾಸ್ಮಿನ್?"

ಯಾಸ್ಮಿನ್ ಬೇಸಿನ್ನಿನ ಕಡೆ ತಿರುಗಿ, ಆಗಲೇ ತೊಳೆದಿದ್ದ ಕೈಯನ್ನು ಮತ್ತೆ ತೊಳೆಯತೊಡಗಿದಳು. "ಕೆಲವು ಬೆಕ್ಕಿಗೆ ಅರಿವಳಿಕೆ ಒಗ್ಗಲ್ಲ, ಮಿಸ್. ಸಾವಿರಕ್ಕೆ ಒಂದು. ಕೇಸ್ ಪುಸ್ತಕದಲ್ಲೂ ಹಾಗೇ ಬರ್ದಿದೀನಿ." ನಲ್ಲಿ ನಿಲ್ಲಿಸಿದಳು. "ಸಂಜೆ ಗೋದಾಮಿಗೆ ನೀವು ಬರೋದು ಬೇಡ. ಸುಮ್ನೆ ಮಾತು ಬೆಳೀತದೆ. ನನ್ನ ಟೇಬಲ್ ಮೇಲೆ ಹೋಗಿದ್ದು, ನಾನೇ ಉತ್ತರ ಹೇಳ್ತೀನಿ."

ಯಾಸ್ಮಿನ್‌ಗೆ ಎಲ್ಲ ಗೊತ್ತು. ಭಾನುವಾರದಿಂದಲೇ ಗೊತ್ತು. ಪರದೆ ಸರಿಸಿ ಬಂದು ಕೈಗವಸಿನಲ್ಲೇ ನಿಂತಾಗಲೇ ಗೊತ್ತಿತ್ತು. ಇಡೀ ಬೀದಿಯ ಎದುರು ತನ್ನ ಕಡೆ ಒಮ್ಮೆಯೂ ನೋಡದೆ ಅವಳು ಮಾತಾಡಿದ್ದು ದುಃಖದಿಂದ ಎಂದು ಪ್ರೇಮಕುಮಾರಿ ತಿಳಿದಿದ್ದಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ ತನ್ನ ಕೆಲಸವನ್ನೂ ಹೆಸರನ್ನೂ ಪಕ್ಕಕ್ಕಿಟ್ಟು, ಮುದುಕಿಯೊಬ್ಬಳ ಮರ್ಯಾದೆಯನ್ನು ಮೂರು ದಿನದಿಂದ ಹೊತ್ತುಕೊಂಡಿದ್ದಾಳೆ. ಅದರ ಭಾರ ಕಾಣಿಸದಂತೆ ಬಿಪಿ ಮಾತ್ರೆಯ ವಿಚಾರ ಕೇಳುತ್ತಾಳೆ. ಪ್ರೇಮಕುಮಾರಿಗೆ ಕೃತಜ್ಞತೆ ಹುಟ್ಟಲಿಲ್ಲ. ತರಗತಿಯ ಮುಂದೆ ಸೀರೆಯ ನೆರಿಗೆ ಜಾರಿದಾಗ ಯಾವಳೋ ಹುಡುಗಿ ಎದ್ದು ಬಂದು ಮೆಲ್ಲಗೆ ಪಿನ್ನು ಕೊಟ್ಟರೆ ಆಗುವಂಥ ಅವಮಾನವಾಯಿತು. "ಬರ್ತೀನಮ್ಮ" ಎಂದು ಎದ್ದಳು. ಹೊರಗೆ ಮಹಮ್ಮದ್ ಆಸೆಯಿಂದ ಅವಳ ಮುಖ ನೋಡಿದ.

ನಾಲ್ಕಕ್ಕೆ ಗೋದಾಮಿನಲ್ಲಿ ಇಪ್ಪತ್ತು ಜನ ಇದ್ದರು. ಗಂಡಸರು ತುಂಬಿದ ಚೀಲಗಳ ಮೇಲೆ, ಹೆಂಗಸರು ಬಾಗಿಲ ಹತ್ತಿರ. ಹೊರಗೆ ಕಣದಲ್ಲಿ ಇಬ್ಬರು ಆಳುಗಳು ಕಾಫಿಯನ್ನು ರಾಶಿ ಮಾಡುತ್ತಿದ್ದರು. ಹಲಗೆ ಸರಿದಂತೆಲ್ಲ ಕಾಳು ಗರಗರ ಎನ್ನುತ್ತಿತ್ತು. ಯಾಸ್ಮಿನ್‌ಗೆ ಕುರ್ಚಿ ಹಾಕಿದ್ದರು. ಆ ಕುರ್ಚಿ ಎಲ್ಲರಿಂದ ಸ್ವಲ್ಪ ದೂರದಲ್ಲಿತ್ತು.

"ಕೆಟ್ಟ ಮಾತಾಡ್ಬೇಕು ಅಂತಲ್ಲ" ಎಂದು ಪ್ರಸನ್ನಕುಮಾರ ಶುರು ಮಾಡಿದ. "ಕಿವಿ ಕತ್ತರಿಸಿದ ನಾಲ್ಕು ಇರ್ಲಿ. ಉಳಿದ ಒಂಬತ್ತಕ್ಕೆ ಭಾನುವಾರ ಬೆಳಿಗ್ಗೆ ಜೀಪ್ ಬರ್ತದೆ. ಅವುಗಳಲ್ಲಿ ಎರಡು ಗಬ್ಬ. ಮಳೆಗಾಲ ಹಿಡಿಯೋದ್ರೊಳಗೆ ಈ ಬೀದಿ ಬೆಕ್ಕಿನ ಎಸ್ಟೇಟ್ ಆಗ್ತದೆ ಮಾರಾಯ್ರೆ." ಒಂದಿಬ್ಬರು ನಕ್ಕರು. "ಡಾಕ್ಟ್ರಮ್ಮ ಓದಿದವರು, ಇಲ್ಲ ಅನ್ನಲ್ಲ. ಆದ್ರೆ ಕೈ ಪಳಗ್ಬೇಕಿತ್ತು. ನಮ್ಮ ಮೇಸ್ತ್ರಿ ಮೇಲೆ ಪಳಗಿಸ್ಕೊಂಡ್ರು. ಕೊಯ್ದು ಸಾಯ್ಸೋದಕ್ಕಿಂತ ಕಾಡಿಗೆ ಬಿಡೋದೇ ಪುಣ್ಯ."

ಯಾಸ್ಮಿನ್ ಎದ್ದು, "ತಪ್ಪು ನನ್ನದು. ಇನ್ನೊಂದೇ ಒಂದು ಅವಕಾಶ ಕೊಡಿ" ಎಂದಳು. ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದಳು.

ಪ್ರೇಮಕುಮಾರಿ ಕುಳಿತಲ್ಲಿಂದಲೇ, "ಅವಳದ್ದಲ್ಲ ತಪ್ಪು. ಭಾನುವಾರ ಬೆಳಿಗ್ಗೆ ಮೇಸ್ತ್ರಿಗೆ ನಾನು ಮೊಸರನ್ನ ತಿನ್ಸಿದ್ದೆ. ಕೇಳಿದಾಗ ಇಲ್ಲ ಅಂದೆ" ಎಂದಳು. ಮೂರು ದಿನ ಕಟ್ಟಿ ಬಿಚ್ಚಿದ ವಾಕ್ಯಗಳಲ್ಲಿ ಯಾವುದೂ ಇದಾಗಿರಲಿಲ್ಲ.

ಎಲ್ಲರೂ ಅವಳ ಕಡೆ ತಿರುಗಿದರು. ಪ್ರಸನ್ನಕುಮಾರನ ಮುಖ ಮೆತ್ತಗಾಯಿತು. ಅವನು ಪ್ರೀತಿಯಿಂದ ನಕ್ಕ. "ಬಿಡಿ ಅಕ್ಕ. ಶಿಷ್ಯೆ ಅಂತ ನಿಮ್ಮ ಜೀವ ಮಿಡೀತದೆ, ಗೊತ್ತಾಗ್ತದೆ. ಆದ್ರೆ ಸುಳ್ಳು ಹೇಳೋಕೆ ನಿಮಗೆ ಬರಲ್ಲ. ಚೀಟಿ ಬರ್ದು ಮನೆ ಮನೆಗೆ ಹಂಚಿದವರೇ ನೀವು, ನೀವು ತಿನ್ಸ್ತೀರಾ?" ಹೌದು ಹೌದು ಎಂದು ನಾಲ್ಕಾರು ದನಿಗಳು ಬಂದವು. ಯಾರೋ ಹೆಂಗಸು, ಎಂಥಾ ಮನಸ್ಸು ನೋಡಿ ಎಂದಳು. ರುದ್ರೇಶನ ಮುಖದಲ್ಲೂ ಹೆಮ್ಮೆಯಂಥದ್ದೇನೋ ಇತ್ತು. ತಾನು ಹೇಳಿ ಆಯಿತು. ಹೇಳಿದ್ದನ್ನು ಇವರು ತೆಗೆದುಕೊಂಡು, ಇನ್ನಷ್ಟು ಒಳ್ಳೆಯತನ ಸೇರಿಸಿ ತನಗೇ ವಾಪಸು ಕೊಡುತ್ತಿದ್ದಾರೆ. ಈಗ ಸುಮ್ಮನೆ ಕುಳಿತರೂ ಸಾಕು. ಆತ್ಮಸಾಕ್ಷಿಗೆ ಹೇಳಿದ ಹಾಗಾಯಿತು, ಮರ್ಯಾದೆಯೂ ಉಳಿಯಿತು, ಚೀಲಗಳು ಜೀಪು ಹತ್ತುತ್ತವೆ. ಕಣದ ಗರಗರ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಯಾಸ್ಮಿನ್" ಎಂದು ಕರೆದಳು. "ಮೇಸ್ತ್ರಿಯ ಗಂಟಲಲ್ಲಿ ಏನಿತ್ತು?"

ಯಾಸ್ಮಿನ್ ತಲೆ ಅಲ್ಲಾಡಿಸಿದಳು. ಬೇಡ ಎನ್ನುವ ಹಾಗೆ.

"ಪ್ರಶ್ನೆ ಕೇಳಿದೀನಿ."

"ಅನ್ನ, ಮಿಸ್."

"ಎಂಥ ಅನ್ನ?"

"ಮೊಸರನ್ನ. ಒಂದು ಸಾಸಿವೆ ಕಾಳೂ ಇತ್ತು."

"ಎಲ್ಲಿ ಹೋಗಿ ಸೇರಿತ್ತು?"

"ಶ್ವಾಸನಾಳದಲ್ಲಿ." ಯಾಸ್ಮಿನ್‌ಳ ದನಿ ಒಡೆಯಿತು. "ವಾಂತಿ ಬಂದು ಒಳಗೆ ಎಳ್ಕೊಂಡಿತ್ತು. ತೆಗೆಯೋಕೆ ನೋಡ್ದೆ, ಮಿಸ್. ತುಂಬಾ ನೋಡ್ದೆ."

"ಕೂತ್ಕೋ" ಎಂದಳು ಪ್ರೇಮಕುಮಾರಿ.

ಪ್ರಸನ್ನಕುಮಾರ ಕೇಳಿದ. ಈಗ ಅವನು ಅಕ್ಕ ಎನ್ನಲಿಲ್ಲ. "ಮೂರು ದಿನದಿಂದ ಈ ಹುಡುಗಿಗೆ ನಾನು ಎಂತೆಂಥಾ ಮಾತಾಡಿದೀನಿ, ಗೊತ್ತಾ ನಿಮಗೆ?"

"ಗೊತ್ತು."

"ಕೇಳಿಸ್ಕೊಂಡೂ ಸುಮ್ನಿದ್ರಾ?"

"ಹೌದು."

ಅವನು ತಕ್ಕಡಿಯ ಕಡೆ ನೋಡಿ, ಎದ್ದು ಕಣಕ್ಕೆ ಹೊರಟುಹೋದ. ಹೊರಗಿನಿಂದಲೇ, "ಇನ್ನೊಂದು ಭಾನುವಾರ ಮಾಡ್ಲಿ. ಆದ್ರೆ ಇವರ ಮನೇಲಿ ಒಂದು ಬೆಕ್ಕನ್ನೂ ಇಡ್ಬೇಡಿ" ಎಂದದ್ದು ಎಲ್ಲರಿಗೂ ಕೇಳಿಸಿತು. ಜನ ಎದ್ದರು. ದಾರಿ ಬಿಡುವಾಗ ಅವಳಿಗೆ ಸ್ವಲ್ಪ ಹೆಚ್ಚೇ ಜಾಗ ಬಿಟ್ಟರು. ಮಹಮ್ಮದ್ ಗೋದಾಮಿನ ಮೆಟ್ಟಿಲ ಬಳಿ ನಿಂತು ಮಗಳ ಚಪ್ಪಲಿಯನ್ನು ಕಾಲಿನಿಂದ ಅವಳತ್ತ ಸರಿಸಿದ. ತಂದೆ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ, ಜೊತೆಯಾಗಿ ನಡೆದರು. ರುದ್ರೇಶ ಮನೆಗೆ ಬಂದೊಡನೆ ಅಂಗಡಿಯ ಮುಂದೆ ಬೇರೆ ಮಾಡಿಟ್ಟಿದ್ದ ಚೀಲಗಳನ್ನು ಎತ್ತಿ ಒಳಗೆ ಎಸೆದ. ಬೀದಿ ಎಂದಿನಂತಿತ್ತು. ಮರುದಿನದಿಂದ ಜನ ಪ್ರೇಮಕುಮಾರಿಯನ್ನು ಕಂಡರೆ ಮಾತಾಡಿಸುತ್ತಿದ್ದರು, ಆದರೆ ಏನನ್ನೂ ಕೇಳುತ್ತಿರಲಿಲ್ಲ. ಹೊಸ ಚೀಟಿಗಳನ್ನು ಯಾಸ್ಮಿನ್ ತಾನೇ ಹಂಚಿದಳು. ಪ್ರೇಮಕುಮಾರಿಯ ಮನೆಗೂ ಒಂದು ಬಂತು. ಅದನ್ನು ಮಡಿಸಿ ಎಲ್ಲಿಡಬೇಕೋ ತಿಳಿಯದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

ಹೊಸ ಶಿಬಿರದ ಹಿಂದಿನ ದಿನ, ಶನಿವಾರ ಸಂಜೆ, ಹಿತ್ತಿಲ ಬಾಗಿಲಿಗೆ ಗಿರಿಜಾಂಬಾ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ನಾಳೆ ಬೆಳಿಗ್ಗೆ ಆರಕ್ಕೆ ನಮ್ಮನೆಗೆ ಬರ್ತೀರಾ, ಪ್ರೇಮಕ್ಕ?"

"ನಾನಾ? ಬೇಡಮ್ಮ. ನನ್ನ ಹತ್ರ ಬೆಕ್ಕು ಬಿಡಬಾರ್ದು ಅಂತ ಹೇಳಿಲ್ವಾ."

"ನಿಮ್ಮನೇಲಿ ಇಡ್ಬೇಡಿ ಅಂದಿದ್ದು. ನೀವು ನಮ್ಮನೆಗೆ ಬರ್ಬಾರ್ದು ಅಂತ ಎಲ್ಲಿ ಅಂದ್ರು?" ಗಿರಿಜಾಂಬಾ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಅದು ಅತ್ರೆ ನನ್ನ ಕೈ ಸುಮ್ನಿರಲ್ಲ ಅಕ್ಕ. ಬೇರೆಯವರನ್ನ ಕರೆದ್ರೆ ನಗ್ತಾರೆ. ನಿಮಗಾದ್ರೆ ಗೊತ್ತಲ್ಲ, ಹೆಂಗಾಗ್ತದೆ ಅಂತ. ಇಬ್ರೂ ಕೂತ್ರೆ ಒಬ್ಬರನ್ನೊಬ್ರು ಕಾಯ್ಬಹುದು."

ಅವತ್ತು ಗದರಿದ್ದಕ್ಕೆ ಏನಾದರೂ ಹೇಳಬೇಕೆಂದು ಪ್ರೇಮಕುಮಾರಿ ಬಾಯಿ ತೆರೆದಳು. ಅಷ್ಟರಲ್ಲಿ ಗಿರಿಜಾಂಬಾ ಮೆಟ್ಟಿಲಿಳಿದಿದ್ದಳು.

ಬೆಳಿಗ್ಗೆ ಆರಕ್ಕೆ ಗಿರಿಜಾಂಬಾಳ ಜಗಲಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ಪಂಜರವಿತ್ತು. ಕಪ್ಪು ಬಿಳುಪಿನ ಬೆಕ್ಕು ಪ್ರೇಮಕುಮಾರಿಯನ್ನು ಕಂಡೊಡನೆ ಕೂಗಲು ತೊಡಗಿತು. ಮೊದಲು ಸಣ್ಣಗೆ, ಆಮೇಲೆ ಬಾಯಿ ಪೂರ್ತಿ ತೆರೆದು, ನಾಲಗೆಯ ಹಿಂದಿನ ಕೆಂಪು ಕಾಣುವ ಹಾಗೆ. ಇಬ್ಬರೂ ಎರಡು ಮಣೆ ಹಾಕಿಕೊಂಡು ಕುಳಿತರು. ಹಾಲಿನವನು ಪ್ಯಾಕೆಟ್ ಎಸೆದು ಹೋದ. ಗಿರಿಜಾಂಬಾಳ ಕೈ ತಾನಾಗಿಯೇ ಅದರ ಕಡೆ ಚಾಚಿತು.

"ಗಿರಿಜಾ" ಎಂದಳು ಪ್ರೇಮಕುಮಾರಿ.

ಗಿರಿಜಾಂಬಾ ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬೆಕ್ಕು ಸರಳಿನಿಂದ ಪಂಜ ಹೊರಚಾಚಿ ಪ್ರೇಮಕುಮಾರಿಯ ಸೀರೆಯನ್ನು ಹಿಡಿದೆಳೆಯಿತು. ಉಗುರು ಚುಚ್ಚಲಿಲ್ಲ. ಅವಳು ಏಳಲು ಹೋದಳು, ಯಾತಕ್ಕೆಂದು ಅವಳಿಗೇ ತಿಳಿಯದು.

"ಪ್ರೇಮಕ್ಕ" ಎಂದಳು ಗಿರಿಜಾಂಬಾ.

ಅವಳು ಕುಳಿತಳು. ಪಂಜರವನ್ನು ಶಿಬಿರಕ್ಕೆ ಒಯ್ಯಲು ಮಹಮ್ಮದ್ ಏಳು ಗಂಟೆಗೆ ಬರಬೇಕು. ಇನ್ನೂ ಇಪ್ಪತ್ತು ನಿಮಿಷವಿತ್ತು. ಬೆಕ್ಕು ಮತ್ತೂ ಸ್ವಲ್ಪ ಹೊತ್ತು ಕೂಗಿ, ಒಬ್ಬಳನ್ನು ನೋಡಿ, ಇನ್ನೊಬ್ಬಳನ್ನು ನೋಡಿ, ಕೊನೆಗೆ ಇಬ್ಬರಿಗೂ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕುಳಿತಿತು.